ಪೆಟ್ಟು ಪ್ಯಾಡಿಗೆ, ಪುಷ್ಟಿ ದೇಹಕ್ಕೆ

ಮುಷ್ಟಿಯುದ್ಧವೆಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಸಿಂಡರಿಸುವುದು ಸಹಜ. ಒಬ್ಬರು ಮತ್ತೊಬ್ಬರ ಮುಖಕ್ಕೆ ಗುದ್ದುವುದನ್ನು, ಬಿದ್ದವನ ತಲೆಯ ಬಳಿ ನಿಂತು ಹತ್ತರವರೆಗೆ ಎಣಿಸುವುದನ್ನು ಕ್ರೀಡೆಯೆಂದು ಒಪ್ಪಲು ಸಾತ್ವಿಕ ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆಗೆ ವೈದ್ಯಶಾಸ್ತ್ರದ ಬೆಂಬಲವೂ ಉಂಟು. ತಲೆಗೆ ಪದೇ ಪದೇ ಪೆಟ್ಟು ತಿಂದ ಮುಷ್ಟಿಮಲ್ಲರಲ್ಲಿ ನಡಿಗೆ ತಡವರಿಸಿ ಬುದ್ಧಿ ಮಂಕಾಗುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅವರು 1928ರಲ್ಲಿಯೇ ಗುರುತಿಸಿ ಬರೆದಿದ್ದರು. ಆದುದರಿಂದ ಮಕ್ಕಳನ್ನು ಅಖಾಡಕ್ಕೆ ಕಳುಹಿಸಲು ಹೆದರುವ ತಾಯಂದಿರನ್ನು ನಾವು ತಪ್ಪೆನ್ನಲಾರೆವು.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕ್ರೀಡೆಯ ದೊಡ್ಡ ಕೇಡು ಪೆಟ್ಟು ತಿನ್ನುವುದರಲ್ಲಿದೆ. ಗುಣವು ಅದಕ್ಕಾಗಿ ನಡೆಸುವ ಸಿದ್ಧತೆಯಲ್ಲಿದೆ. ಕೇಡನ್ನು ಬಿಟ್ಟು ಗುಣವನ್ನು ಮಾತ್ರ ತೆಗೆದುಕೊಳ್ಳಲು ಸಾಧ್ಯವಾದರೆ ಅದು ಆಬಾಲವೃದ್ಧರಿಗೂ ಒದಗುವ ವ್ಯಾಯಾಮವಾಗುತ್ತದೆ. ಅಂತಹ ಮಾರ್ಗವೇ ಪ್ಯಾಡ್ ಅಭ್ಯಾಸ.

ಪ್ಯಾಡ್ ಅಭ್ಯಾಸವೆಂದರೇನು?

ಅಂಗೈಗಿಂತ ದೊಡ್ಡದಾದ, ಒಳಗೆ ಮೆತ್ತೆ ತುಂಬಿದ ಗವಸುಗಳೇ ಪ್ಯಾಡ್‌ಗಳು. ಒಬ್ಬರು ಇವನ್ನು ಎರಡೂ ಕೈಗಳಿಗೆ ತೊಟ್ಟು ಎದುರಿಗೆ ಹಿಡಿಯುತ್ತಾರೆ. ಮತ್ತೊಬ್ಬರು ಬಾಕ್ಸಿಂಗ್ ಗವಸು ತೊಟ್ಟು, ಕರೆದ ಕ್ರಮದಲ್ಲಿ ಪ್ಯಾಡಿಗೆ ಗುದ್ದುತ್ತಾರೆ. ನೇರವಾಗಿ ಮುಂಗೈ ಚಾಚುವ ಜ್ಯಾಬ್, ಹಿಂದಿನ ಕೈಯಿಂದ ಹೊಡೆಯುವ ಕ್ರಾಸ್, ಪಕ್ಕದಿಂದ ಬೀಸುವ ಹುಕ್, ಕೆಳಗಿನಿಂದ ಎತ್ತುವ ಅಪ್ಪರ್‌ಕಟ್ ಎಂಬ ನಾಲ್ಕೇ ಬಗೆಯ ಗುದ್ದುಗಳು ಇದರ ಅಕ್ಷರಮಾಲೆ. ಇಲ್ಲಿ ಸೋಲು ಗೆಲುವುಗಳಿಲ್ಲ, ಯಾರ ಮೈಗೂ ಪೆಟ್ಟಿಲ್ಲ. ಹೊಡೆಯುವುದನ್ನು ಕಲಿಸುವುದು ತರವೇ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೇ: ಗರಡಿಮನೆಯಲ್ಲಿ ಗದೆ ತಿರುಗಿಸಿದವರೆಲ್ಲ ಜಗಳಗಂಟರಾಗಲಿಲ್ಲ.

ದೇಹಕ್ಕೆ ಆಗುವ ಲಾಭ

ಗುದ್ದು ತೋಳಿನ ಕೆಲಸವೆಂಬುದು ತಪ್ಪು ತಿಳಿವಳಿಕೆ. ಸರಿಯಾದ ಗುದ್ದು ಪಾದದಲ್ಲಿ ಹುಟ್ಟುತ್ತದೆ. ಹಿಂದಿನ ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆ ಬಲ ಹೊಟ್ಟೆ ಬೆನ್ನುಗಳ ಮೂಲಕ ಹೆಗಲಿಗೇರಿ ಮುಷ್ಟಿಯನ್ನು ತಲುಪುತ್ತದೆ. ಹೀಗಾಗಿ ಕಾಲು, ನಡು, ಹೆಗಲು, ತೋಳು ಎಲ್ಲವೂ ಒಂದೇ ಚಲನೆಯಲ್ಲಿ ದುಡಿಯುತ್ತವೆ. ದಿನವೆಲ್ಲ ಕುರ್ಚಿಯಲ್ಲಿ ಬಾಗಿ ಕುಳಿತು ಕೆಲಸ ಮಾಡುವವರಿಗೆ ನಡುವನ್ನು ತಿರುಗಿಸುವ ಈ ಚಲನೆ ಅಪರೂಪದ್ದು.

ಹೃದಯ ಶ್ವಾಸಕೋಶಗಳಿಗೂ ಇದರಿಂದ ಒಳ್ಳೆಯ ಪರಿಶ್ರಮ ದೊರೆಯುತ್ತದೆ. ದೈಹಿಕ ಚಟುವಟಿಕೆಗಳಿಗೆ ತಗಲುವ ಶಕ್ತಿಯನ್ನು ಅಳೆದು ಅಮೆರಿಕದ ತಜ್ಞರು 2011ರಲ್ಲಿ ಪರಿಷ್ಕರಿಸಿದ ಕೋಷ್ಟಕವೊಂದಿದೆ. ಅದರಲ್ಲಿ ಸುಮ್ಮನೆ ಕುಳಿತಿರುವುದನ್ನು 1 ಎಂದು ಹಿಡಿದರೆ, ಬಿರುಸಾದ ನಡಿಗೆಗೆ 4.3, ತೂಗುಚೀಲಕ್ಕೆ ಗುದ್ದುವುದಕ್ಕೆ 5.5, ಅಖಾಡದ ಪಂದ್ಯಕ್ಕೆ 12.8 ಎಂಬ ಲೆಕ್ಕವಿದೆ. ಪ್ಯಾಡ್ ಅಭ್ಯಾಸವನ್ನು ಸ್ಥೂಲವಾಗಿ ತೂಗುಚೀಲದ ಅಭ್ಯಾಸಕ್ಕೆ ಹೋಲಿಸಬಹುದು. ವೇಗ ಹೆಚ್ಚಿದಂತೆ ಶ್ರಮವೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನಾಗಲಿ, 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನಾಗಲಿ ಮಾಡಬೇಕು. ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. 65 ದಾಟಿದವರು ಇದರೊಡನೆ ವಾರದಲ್ಲಿ ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದೂ ಅದು ಹೇಳುತ್ತದೆ. ಉಸಿರು, ಬಲ, ಸಮತೋಲನ ಈ ಮೂರೂ ಪ್ಯಾಡ್ ಅಭ್ಯಾಸದಲ್ಲಿ ಒಟ್ಟಿಗೆ ಸೇರಿವೆ.

ನಾಲ್ಕನೆಯದೊಂದು ಲಾಭವೂ ಇದೆ. ಎದುರಿನವರು ‘ಒಂದು, ಎರಡು, ಮೂರು’ ಎಂದು ಕರೆದಾಗ ಕಿವಿ ಕೇಳಬೇಕು, ಕಣ್ಣು ಗುರಿ ಹಿಡಿಯಬೇಕು, ಬುದ್ಧಿ ಕ್ರಮವನ್ನು ನೆನೆಯಬೇಕು, ಕಾಲು ಸ್ಥಾನ ಬದಲಿಸಬೇಕು. ಯಂತ್ರದ ಪಟ್ಟಿಯ ಮೇಲೆ ನಡೆಯುವಾಗ ಮನಸ್ಸು ಎಲ್ಲೆಲ್ಲೋ ಅಲೆಯಬಹುದು. ಪ್ಯಾಡಿನ ಮುಂದೆ ಅದು ಅಲೆಯುವಂತಿಲ್ಲ.

ನಡುಗುವ ಕೈಗೂ ನೆರವು

ಇದರ ಹಿರಿಮೆ ತಿಳಿಯಬೇಕಾದರೆ ಪಾರ್ಕಿನ್ಸನ್ ರೋಗಿಗಳ ಕಡೆಗೆ ನೋಡಬೇಕು. ಕಂಪವಾತವೆಂದು ನಮ್ಮಲ್ಲಿ ಕರೆಯುವ ಈ ರೋಗದಲ್ಲಿ, ಚಲನೆಯನ್ನು ಹದವಾಗಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮೆದುಳಿನ ಜೀವಕೋಶಗಳು ಕ್ಷೀಣಿಸುತ್ತವೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಮುಷ್ಟಿಯುದ್ಧದ ಮಹಾಮಲ್ಲ ಮಹಮ್ಮದ್ ಅಲಿ ಅವರಿಗೆ ಈ ರೋಗವಿರುವುದು 1984ರಲ್ಲಿ ಪತ್ತೆಯಾಯಿತು.

ಅಂತಹ ರೋಗಕ್ಕೆ ಮುಷ್ಟಿಮಲ್ಲರ ಅಭ್ಯಾಸದಿಂದಲೇ ನೆರವು ದೊರೆಯುವುದೆಂದರೆ ವಿಚಿತ್ರವೆನಿಸಬಹುದು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದ ಸ್ಕಾಟ್ ನ್ಯೂಮನ್ ಅವರು ನಲವತ್ತರ ವಯಸ್ಸಿನಲ್ಲಿ ಈ ರೋಗಕ್ಕೆ ತುತ್ತಾದರು. ಬಾಕ್ಸಿಂಗ್ ಅಭ್ಯಾಸದಿಂದ ತಮಗೆ ಚೇತರಿಕೆ ಕಂಡುದರಿಂದ 2006ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ‘ರಾಕ್ ಸ್ಟೆಡಿ ಬಾಕ್ಸಿಂಗ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ರೋಗಿಗಳು ಚೀಲಕ್ಕೂ ಪ್ಯಾಡಿಗೂ ಗುದ್ದುತ್ತಾರೆ, ಒಬ್ಬರನ್ನೊಬ್ಬರು ಹೊಡೆಯುವುದಿಲ್ಲ.

ಸಂಶೋಧಕರು ಇದನ್ನು ಪರಿಶೀಲಿಸಿದ್ದಾರೆ. 2011ರಲ್ಲಿ ಪ್ರಕಟವಾದ ಆರು ಮಂದಿಯ ಅಧ್ಯಯನದಲ್ಲಿ ಸಮತೋಲನ, ನಡಿಗೆ, ದಿನನಿತ್ಯದ ಕೆಲಸಗಳಲ್ಲಿ ಸುಧಾರಣೆ ಕಂಡಿತು. 2013ರಲ್ಲಿ 31 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಾಕ್ಸಿಂಗ್, ಮತ್ತೊಂದಕ್ಕೆ ಸಾಂಪ್ರದಾಯಿಕ ವ್ಯಾಯಾಮ ಕೊಟ್ಟು ನೋಡಿದರು. ಎರಡೂ ಗುಂಪಿಗೂ ಲಾಭವಾಯಿತು. ನಡಿಗೆಯ ವೇಗ ಮತ್ತು ತಾಳಿಕೆ ಬಾಕ್ಸಿಂಗ್ ಗುಂಪಿನಲ್ಲಿ ಹೆಚ್ಚಿದರೆ, ಬೀಳುವುದಿಲ್ಲವೆಂಬ ಆತ್ಮವಿಶ್ವಾಸ ಇನ್ನೊಂದು ಗುಂಪಿನಲ್ಲಿ ಹೆಚ್ಚಾಗಿ ಕಂಡಿತು. ಅಂದರೆ ಇದು ಸಂಜೀವಿನಿಯಲ್ಲ, ರೋಗವನ್ನು ಕಳೆಯುವುದಿಲ್ಲ, ಔಷಧಕ್ಕೆ ಬದಲಿಯೂ ಅಲ್ಲ. ಆದರೆ ‘ಕೈ ನಡುಗುತ್ತದೆ, ಸುಮ್ಮನೆ ಕುಳಿತಿರಿ’ ಎಂದು ಹಿರಿಯರನ್ನು ಮೂಲೆಗೆ ಕೂರಿಸುವ ನಮ್ಮ ವಾಡಿಕೆ ಸರಿಯಲ್ಲವೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಅಭ್ಯಾಸದ ಕ್ರಮ

ಮೊದಲ ಕೆಲವು ವಾರಗಳಾದರೂ ಬಲ್ಲ ತರಬೇತುದಾರರ ಮುಂದೆ ಕಲಿಯುವುದು ಲೇಸು. ಬೆರಳುಗಳಿಗೂ ಮಣಿಕಟ್ಟಿಗೂ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಗವಸು ತೊಡಬೇಕು. ಹೆಬ್ಬೆರಳು ಮುಷ್ಟಿಯ ಹೊರಗಿರಬೇಕು, ಮಣಿಕಟ್ಟು ನೆಟ್ಟಗಿರಬೇಕು, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳೇ ಪ್ಯಾಡಿಗೆ ತಾಗಬೇಕು. ಕಿರುಬೆರಳಿನ ಕಡೆಯಿಂದ ತಪ್ಪಾಗಿ ತಾಗಿದರೆ ಅಂಗೈಯ ಎಲುಬು ಮುರಿಯಬಹುದು. ಪ್ರತಿ ಗುದ್ದಿಗೂ ಉಸಿರನ್ನು ಹೊರಕ್ಕೆ ಬಿಡಬೇಕು. ಉಸಿರು ಬಿಗಿಹಿಡಿದರೆ ರಕ್ತದ ಒತ್ತಡ ಏರುತ್ತದೆ.

ಪ್ಯಾಡ್ ಹಿಡಿಯುವುದೂ ಒಂದು ವಿದ್ಯೆ. ಅದನ್ನು ತನ್ನ ಮುಖಕ್ಕೆ ಅಡ್ಡವಾಗಿ ಹಿಡಿಯದೆ, ಹೆಗಲ ನೇರಕ್ಕೆ ತುಸು ಪಕ್ಕದಲ್ಲಿ, ಮೊಣಕೈ ಸ್ವಲ್ಪ ಮಡಿಸಿ ಹಿಡಿಯಬೇಕು. ಗುದ್ದು ತಾಗುವಾಗ ಸ್ವಲ್ಪವೇ ಮುಂದಕ್ಕೆ ಒತ್ತಿಕೊಡಬೇಕು. ಪತಿ ಪತ್ನಿ, ತಂದೆ ಮಗಳು, ಅಣ್ಣ ತಂಗಿ ಸರದಿಯಂತೆ ಹಿಡಿದರೆ ಇಬ್ಬರಿಗೂ ವ್ಯಾಯಾಮವಾಗುತ್ತದೆ. 2012ರಲ್ಲಿ ಲಂಡನ್ನಿನಲ್ಲಿ ಮೇರಿ ಕೋಮ್ ಕಂಚಿನ ಪದಕ ಗೆದ್ದ ಮೇಲೆ ಇದು ಹೆಣ್ಣುಮಕ್ಕಳಿಗಲ್ಲ ಎನ್ನುವ ಮಾತಿಗೆ ಅರ್ಥವಿಲ್ಲ.

ಹೊಸಬರು ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಒಂದು ನಿಮಿಷ ಗುದ್ದಿ ಒಂದು ನಿಮಿಷ ವಿರಮಿಸುವಂತೆ ನಾಲ್ಕಾರು ಸುತ್ತು ಮಾಡಿದರೆ ಸಾಕು. ಪಂದ್ಯಗಳ ಮೂರು ನಿಮಿಷದ ಸುತ್ತಿಗೆ ಅವಸರಪಡಬಾರದು. ವಾರಕ್ಕೆ ಎರಡು ಮೂರು ದಿನ ಅಭ್ಯಾಸ ಮಾಡಿ, ನಡುವೆ ಒಂದೊಂದು ದಿನ ಬಿಡುವುದು ಒಳ್ಳೆಯದು.

ಯಾರು ಎಚ್ಚರ ವಹಿಸಬೇಕು?

ಹೃದ್ರೋಗ ಇರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೆ ತೊಂದರೆಯಾದವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಎಲುಬು ಟೊಳ್ಳಾದವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಕೂಡದು. ಎದೆ ನೋವು, ತಲೆ ಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಕಂಪವಾತದವರ ಬಳಿ ಆಸರೆಗೆ ಒಬ್ಬರು ನಿಂತಿರಬೇಕು, ಕೈಗೆಟಕುವಂತೆ ಭದ್ರವಾದ ಕುರ್ಚಿ ಇರಬೇಕು. ಗವಸು ತೊಟ್ಟು ಗುದ್ದಲಾರದವರು ಬರಿಗೈಯಲ್ಲಿ ನಿಧಾನವಾಗಿ ಗಾಳಿಗೆ ಗುದ್ದುತ್ತ, ಹೆಜ್ಜೆ ಬದಲಿಸುತ್ತ ಆರಂಭಿಸಬಹುದು.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಆರೈಕೆಯ ಕೊರತೆಯಿಲ್ಲ. ಹೊತ್ತಿಗೆ ಊಟ, ಮಾತ್ರೆ ಎಲ್ಲವೂ ಕೈಗೆ ಬರುತ್ತವೆ. ಕೊರತೆಯಿರುವುದು ಅವರನ್ನು ಎಬ್ಬಿಸಿ ನಿಲ್ಲಿಸುವ ಜೊತೆಗಾರರದು. ಮಗನಾಗಲಿ ಸೊಸೆಯಾಗಲಿ ಮೊಮ್ಮಗಳಾಗಲಿ ವೈದ್ಯರ ಸಮ್ಮತಿ ಪಡೆದು, ಸಂಜೆಯ ಇಪ್ಪತ್ತು ನಿಮಿಷ ಪ್ಯಾಡ್ ಹಿಡಿದು ಅವರೆದುರು ನಿಂತರೆ, ಆರೈಕೆಯೂ ವ್ಯಾಯಾಮವೂ ಒಟ್ಟಿಗೆ ನಡೆದಂತಾಗುತ್ತದೆ. ಓದುಗ ಬಂಧುಗಳು ಈ ಬಗ್ಗೆ ಮನೆಮಂದಿಯೆಲ್ಲ ಕುಳಿತು ವಿಚಾರ ಮಾಡಬೇಕೆಂದು ನಾವು ಆಶಿಸುತ್ತೇವೆ.