ಖಾಲಿ ಪೀಪಾಯಿಯಿಂದ ಬಂದ ರುಚಿ

ವಿಸ್ಕಿಯ ರುಚಿ ಬಟ್ಟಿಯಲ್ಲಿ ಹುಟ್ಟುತ್ತದೆ ಎಂಬುದು ಅರ್ಧ ಸತ್ಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಯೀಸ್ಟ್ ಬೆರೆಸಿ ಹುದುಗಿಸಿ, ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಬಟ್ಟಿ ಇಳಿಸುತ್ತಾರೆ. ಹಾಗೆ ಸಿಗುವ ಮದ್ಯಕ್ಕೆ ಬಣ್ಣವೇ ಇರುವುದಿಲ್ಲ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದ ಮೇಲಷ್ಟೇ ಅದನ್ನು ಸ್ಕಾಚ್ ವಿಸ್ಕಿ ಎಂದು ಕರೆಯಲು ಕಾನೂನು ಒಪ್ಪುತ್ತದೆ. ಒಂದೇ ಡಿಸ್ಟಿಲರಿಯಲ್ಲಿ, ಬಾರ್ಲಿ ಮಾಲ್ಟ್‌ನಿಂದಷ್ಟೇ ತಯಾರಾದದ್ದು ಸಿಂಗಲ್ ಮಾಲ್ಟ್.

ಈ ಪೀಪಾಯಿಗಳಲ್ಲಿ ಶೆರಿ ಪೀಪಾಯಿಗೆ ವಿಶೇಷ ಸ್ಥಾನವಿದೆ. ಶೆರಿ ಎಂದರೆ ದಕ್ಷಿಣ ಸ್ಪೇನ್‌ನ ಹೆರೆಸ್ ಪಟ್ಟಣದ ಸುತ್ತ ತಯಾರಾಗುವ, ಸ್ವಲ್ಪ ದ್ರಾಕ್ಷಿ ಮದ್ಯಸಾರ ಬೆರೆಸಿ ಬಲಪಡಿಸಿದ ವೈನ್. 19ನೇ ಶತಮಾನದಲ್ಲಿ ಬ್ರಿಟನ್ ಇದರ ದೊಡ್ಡ ಗಿರಾಕಿಯಾಗಿತ್ತು. ಹಡಗಿನಲ್ಲಿ ಪೀಪಾಯಿ ಪೀಪಾಯಿಯಾಗಿ ಶೆರಿ ಬರುತ್ತಿತ್ತು. ಅಲ್ಲಿ ಅದನ್ನು ಶೀಷೆಗಳಿಗೆ ತುಂಬಿದ ಮೇಲೆ, ಖಾಲಿ ಪೀಪಾಯಿಗಳನ್ನು ಸ್ಪೇನ್‌ಗೆ ಹಿಂದಿರುಗಿಸುವುದಕ್ಕಿಂತ ಮಾರುವುದೇ ಲಾಭಕರ. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರು ಅವನ್ನು ಕೊಂಡರು. ಮರದೊಳಗೆ ಇಂಗಿದ್ದ ಶೆರಿಯ ಸತ್ವ ವಿಸ್ಕಿಗೆ ಇಳಿದು, ಕೆಂಗಂದು ಬಣ್ಣವನ್ನೂ ಒಣದ್ರಾಕ್ಷಿ, ಅಂಜೂರದ ಪರಿಮಳವನ್ನೂ ಕೊಟ್ಟಿತು. ಮಿತವ್ಯಯದಿಂದ ಬಂದದ್ದೇ ಮುಂದೆ ಮರ್ಯಾದೆಯ ಗುರುತಾಯಿತು.

ಈ ಗುರುತನ್ನು ಬಿಡದೆ ಉಳಿಸಿಕೊಂಡ ಡಿಸ್ಟಿಲರಿಗಳಲ್ಲಿ ಗ್ಲೆನ್‌ಫಾರ್ಕ್ಲಸ್ ಒಂದು. ಸ್ಪೇ ನದಿಯ ಸೀಮೆಯಲ್ಲಿ, ಬೆನ್ ರಿನ್ನಿಸ್ ಬೆಟ್ಟದ ತಪ್ಪಲಿನಲ್ಲಿರುವ ಇದಕ್ಕೆ 1836ರಲ್ಲಿ ಪರವಾನಗಿ ಸಿಕ್ಕಿತು. 1865ರಲ್ಲಿ ಜಾನ್ ಗ್ರಾಂಟ್ ಎಂಬ ರೈತ ಇದನ್ನು 511 ಪೌಂಡ್ 19 ಶಿಲಿಂಗ್‌ಗೆ ಕೊಂಡ. ಅವನ ಕಣ್ಣಿದ್ದದ್ದು ಮುಖ್ಯವಾಗಿ ದನಕರುಗಳಿಗೆ ಬೇಕಾದ ಜಮೀನಿನ ಮೇಲೆ. ಡಿಸ್ಟಿಲರಿಯನ್ನು ಜಾನ್ ಸ್ಮಿತ್ ಎಂಬವನಿಗೆ ಗುತ್ತಿಗೆಗೆ ಕೊಟ್ಟ. ಸ್ಮಿತ್ ತನ್ನದೇ ಕ್ರಾಗನ್‌ಮೋರ್ ಡಿಸ್ಟಿಲರಿ ಕಟ್ಟಿ ಹೊರಟಮೇಲೆ, 1870ರಿಂದ ಗ್ರಾಂಟ್ ಮನೆತನವೇ ಬಟ್ಟಿಯ ಮುಂದೆ ನಿಂತಿತು.

ಮೂರನೆಯ ತಲೆಮಾರಿನಲ್ಲಿ ಮನೆತನಕ್ಕೆ ದೊಡ್ಡ ಕಂಟಕ ಎದುರಾಯಿತು. 1890ರ ದಶಕದಲ್ಲಿ ವಿಸ್ಕಿ ವ್ಯಾಪಾರಕ್ಕೆ ಜೂಜಿನ ಹುಚ್ಚು ಹಿಡಿದಿತ್ತು. ಅದರ ಮುಂಚೂಣಿಯಲ್ಲಿದ್ದವರು ಲೀತ್ ಬಂದರಿನ ಪ್ಯಾಟಿಸನ್ ಸಹೋದರರು. ತಮ್ಮ ವಿಸ್ಕಿಯ ಹೆಸರು ಕೂಗಲು ಕಲಿಸಿದ ನೂರಾರು ಗಿಳಿಗಳನ್ನು ಅಂಗಡಿಗಳಿಗೆ ಹಂಚಿದರೆಂಬ ಕಥೆ ಅವರ ಬಗ್ಗೆ ಇದೆ. ಗ್ರಾಂಟರು ಇವರೊಂದಿಗೆ ಪಾಲುದಾರಿಕೆಗೆ ಇಳಿದು ಡಿಸ್ಟಿಲರಿಯ ಅರ್ಧ ಪಾಲನ್ನು ಬಿಟ್ಟುಕೊಟ್ಟಿದ್ದರು. 1898ರ ಡಿಸೆಂಬರ್‌ನಲ್ಲಿ ಪ್ಯಾಟಿಸನ್ ಕಂಪನಿ ಕುಸಿಯಿತು. 1901ರಲ್ಲಿ ಸಹೋದರರು ವಂಚನೆಗಾಗಿ ಜೈಲು ಸೇರಿದರು. ಹಲವು ಸಂಸ್ಥೆಗಳು ದಿವಾಳಿಯಾದವು. ಗ್ರಾಂಟರು ಸಾಲದಲ್ಲಿ ಮುಳುಗಿದರೂ ಡಿಸ್ಟಿಲರಿಯನ್ನು ಮಾರಲಿಲ್ಲ. ವರ್ಷಗಟ್ಟಲೆ ದುಡಿದು ಸಾಲದಿಂದ ಮೇಲೆದ್ದರು. ಅಂದು ಕಲಿತ ಪಾಠವನ್ನು ಅವರು ಮರೆಯಲಿಲ್ಲ. ಡಿಸ್ಟಿಲರಿ ಇಂದಿಗೂ ಅದೇ ಮನೆತನದ ಕೈಯಲ್ಲಿದೆ.

ಹಳೆಯ ಪದ್ಧತಿಗೂ ಅವರು ಅಂಟಿಕೊಂಡರು. 1980ರ ದಶಕದ ಆರಂಭದಲ್ಲಿ ಹಂಡೆಗಳನ್ನು ಹಬೆಯಿಂದ ಕಾಯಿಸಿ ನೋಡಿದರು. ಮದ್ಯದ ಗುಣವೇ ಬದಲಾದಂತೆ ಕಂಡಿತು. ಮತ್ತೆ ನೇರ ಉರಿಗೇ ಮರಳಿದರು. ಆದರೆ ಪೀಪಾಯಿಯ ವಿಷಯದಲ್ಲಿ ಕಾಲವೇ ಬದಲಾಗಿತ್ತು. ಅದೇ ದಶಕದಲ್ಲಿ, ಶೆರಿಯನ್ನು ಸ್ಪೇನ್‌ನಲ್ಲೇ ಶೀಷೆಗೆ ತುಂಬಬೇಕೆಂಬ ನಿಯಮದಿಂದ ಬ್ರಿಟನ್‌ಗೆ ಪೀಪಾಯಿ ಬರುವುದು ನಿಂತಿತು. ಅಲ್ಲಿಂದಾಚೆಗೆ ಸ್ಪೇನ್‌ನಲ್ಲಿ ವಿಸ್ಕಿಗೆಂದೇ ಪೀಪಾಯಿ ಮಾಡಿಸಿ, ಅದರಲ್ಲಿ ಶೆರಿ ತುಂಬಿಟ್ಟು, ಮರ ಹದಗೊಂಡ ಮೇಲೆ ತರಿಸುವ ಪದ್ಧತಿ ಬಲವಾಯಿತು. ಹೀಗೆ ಬಳಸಿದ ಶೆರಿ ಹಲವು ಸಲ ಕೊನೆಗೆ ವಿನೆಗರ್ ಆಗುತ್ತದೆ. ಒಂದು ಕಾಲಕ್ಕೆ ಶೆರಿಯೇ ಸರಕು, ಪೀಪಾಯಿ ಉಳಿಕೆ. ಈಗ ಪೀಪಾಯಿಯೇ ಸರಕು.

ಪೀಪಾಯಿಯಲ್ಲಿದ್ದಷ್ಟು ಕಾಲವೂ ವಿಸ್ಕಿ ಆವಿಯಾಗುತ್ತಲೇ ಇರುತ್ತದೆ. ಈ ನಷ್ಟಕ್ಕೆ 'ದೇವದೂತರ ಪಾಲು' ಎಂದು ಹೆಸರು. ತಂಪು ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೆ ಈ ಪಾಲು ಶೇ 10ನ್ನೂ ಮೀರುತ್ತದೆ. ಬೆಂಗಳೂರಿನಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಬೇಗ ಬರಿದೂ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ ದಶಕಗಳವರೆಗೆ ಕಾಯಬಹುದು.

2007ರಲ್ಲಿ ಗ್ಲೆನ್‌ಫಾರ್ಕ್ಲಸ್ 1952ರಿಂದ 1994ರವರೆಗಿನ ಪ್ರತಿ ವರ್ಷಕ್ಕೂ ಒಂದರಂತೆ 43 ಪೀಪಾಯಿಗಳ ವಿಸ್ಕಿಯನ್ನು ಹೊರತಂದಿತು. ಕಲ್ಲುಗೋಡೆ, ಮಣ್ಣುನೆಲದ ಉಗ್ರಾಣದಲ್ಲಿ ಅಜ್ಜ ಇಟ್ಟು ಹೋದದ್ದನ್ನು ಮೊಮ್ಮಗ ತೆರೆದಂತಾಯಿತು. ಅಷ್ಟು ವರ್ಷ ಮಾರದೆ ಕಾದಿಟ್ಟುಕೊಳ್ಳಬೇಕಾದರೆ ಉಗ್ರಾಣ ಮನೆತನದ ಕೈತಪ್ಪದೆ ಉಳಿದಿರಬೇಕಿತ್ತು. ಸಾಲದ ದಿನಗಳಲ್ಲಿ ಗ್ರಾಂಟರು ಉಳಿಸಿಕೊಂಡದ್ದು ಅದನ್ನೇ.