ಮನೆಯೊಳಗಣ ಸಂಸ್ಥೆ

ಮನೆಭೇಟಿಯಲ್ಲಿ ಸಾಮಾನ್ಯವಾಗಿ ನಡೆಯುವುದಿದು. ಬುದ್ಧಿಮಾಂದ್ಯನೆನಿಸಿಕೊಂಡ ಇಪ್ಪತ್ತೆರಡು ವರ್ಷದ ಮಗನು ಹಜಾರದಲ್ಲಿ ಸಭಾಪಾಲಕರಾದ ನಮ್ಮೆದುರಿಗೇ ಕುಳಿತಿರುತ್ತಾನೆ. ನಾವು ತಾಯಿಯ ಕಡೆಗೆ ತಿರುಗಿ, "ಹೇಗಿದ್ದಾನಮ್ಮಾ?" ಎನ್ನುತ್ತೇವೆ. ಆಕೆ ಔಷಧ, ನಿದ್ರೆ, ಊಟ, ಹಟ ಎಲ್ಲವನ್ನೂ ಕ್ರಮವಾಗಿ ಹೇಳುತ್ತಾಳೆ. ಪ್ರಾರ್ಥಿಸಿ ಹೊರಡುತ್ತೇವೆ. ಅವನೊಡನೆ ಒಂದು ಮಾತೂ ಆಗಿರುವುದಿಲ್ಲ. ಆಸ್ಪತ್ರೆಯ ವಾರ್ಡಿಗೆ ಸಲ್ಲುವ ಈ ಸಂಭಾಷಣೆ ಮನೆಗೆ ಬಂದುದು ಹೇಗೆ?

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1961ರಲ್ಲಿ ಪ್ರಕಟಿಸಿದ ‘ಅಸೈಲಮ್ಸ್’ ಗ್ರಂಥದಲ್ಲಿ ಸೆರೆಮನೆ, ಮಾನಸಿಕ ಆಸ್ಪತ್ರೆ ಮೊದಲಾದವುಗಳ ಸಮಾನ ಲಕ್ಷಣಗಳನ್ನು ವಿವರಿಸಿದನು. (ಕ್ರೈಸ್ತ ಸನ್ಯಾಸಿಮಠಗಳೂ ಆ ಪಟ್ಟಿಯಲ್ಲಿವೆಯೆಂಬುದನ್ನು ನಾವು ಮರೆಯಲಾಗದು.) ಅಲ್ಲಿ ಮಲಗುವುದು, ದುಡಿಯುವುದು, ಆಡುವುದು ಎಲ್ಲವೂ ಒಂದೇ ಸ್ಥಳದಲ್ಲಿ, ಒಂದೇ ಅಧಿಕಾರದ ಕೆಳಗೆ, ಮೇಲಿನವರು ನಿಗದಿಪಡಿಸಿದ ವೇಳೆಗೆ ನಡೆಯುತ್ತವೆ, ನೋಡಿಕೊಳ್ಳುವವರು, ನೋಡಿಕೊಳ್ಳಲ್ಪಡುವವರು ಎಂಬ ಎರಡು ಜಾತಿಗಳು ಉಂಟಾಗುತ್ತವೆ. ವಿಕಲಚೇತನರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಸಮಿತಿಯು 2017ರಲ್ಲಿ ಇನ್ನೂ ಮುಂದೆ ಹೋಯಿತು. ಸಂಸ್ಥೆಯನ್ನು ಗುರುತಿಸುವುದು ಕಟ್ಟಡದ ಗಾತ್ರದಿಂದಲ್ಲ. ಆಯ್ಕೆಯೂ ಸ್ವನಿರ್ಧಾರವೂ ಇಲ್ಲವಾದಲ್ಲಿ ಒಬ್ಬನೇ ವಾಸಿಸುವ ಮನೆಯೂ ಸಂಸ್ಥೆಯ ಲಕ್ಷಣವನ್ನು ಹೊಂದಬಲ್ಲದೆಂಬುದು ಅದರ ತಾತ್ಪರ್ಯ.

ಈ ಮಾತನ್ನು ತಂದೆತಾಯಿಗಳ ಮೇಲೆ ದೋಷಾರೋಪಣೆಯಾಗಿ ಬಳಸುವುದು ಘೋರ ಅನ್ಯಾಯ. ಮಗು ಹುಟ್ಟಿದಂದಿನಿಂದ ವೈದ್ಯರು ಕಡತ ಕೇಳುತ್ತಾರೆ, ಚಿಕಿತ್ಸಕರು ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮಗಳ ಪಟ್ಟಿ ಕೊಡುತ್ತಾರೆ, ಶಾಲೆ ಪ್ರಗತಿಯ ಲೆಕ್ಕ ಕೇಳುತ್ತದೆ, ಕಚೇರಿ ಪ್ರಮಾಣಪತ್ರ ಕೇಳುತ್ತದೆ. ಹೀಗೆ ತಾಯಿಯು ತಾಯಿಯಾಗಿರಲು ಬಿಡುವೇ ಇಲ್ಲದೆ ದಾದಿಯೂ ಶಿಕ್ಷಕಿಯೂ ಗುಮಾಸ್ತೆಯೂ ಆಗುತ್ತಾಳೆ. ಚೆಂಡಾಟವು ಕೈಯ ವ್ಯಾಯಾಮವಾಗುತ್ತದೆ, ಹಾಡು ಮಾತಿನ ತರಬೇತಿಯಾಗುತ್ತದೆ. ಮಗನು ಊಟ ಬೇಡವೆಂದರೆ ಅದು ಅವನ ಅಭಿಪ್ರಾಯವಲ್ಲ, ‘ವರ್ತನೆಯ ಸಮಸ್ಯೆ’. ಇವೆಲ್ಲದರ ಅಡಿಯಲ್ಲಿ ಒಂದು ಭಯವಿದೆ: ನಮ್ಮ ಕಾಲಾನಂತರ ಇವನಿಗೆ ಯಾರು? ಆ ಭಯವೇ ಅವನು ಬೀಳದಂತೆ, ತಪ್ಪದಂತೆ, ಹೊರಗೆ ಹೋಗದಂತೆ ಕಾವಲಿಡುತ್ತದೆ. ಸಭೆಯು ಅವರನ್ನು ಒಂಟಿಯಾಗಿ ಬಿಟ್ಟಷ್ಟೂ ಕಾವಲು ಬಿಗಿಯಾಗುತ್ತದೆ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವನ್ನು ನಾವು ಬಹುತೇಕ ಶಿಷ್ಯರ ಪ್ರಶ್ನೆಗಾಗಿಯೇ ಬೋಧಿಸುತ್ತೇವೆ: ಪಾಪ ಮಾಡಿದವರಾರು, ಇವನೋ ಇವನ ಹೆತ್ತವರೋ? ಆದರೆ ಆ ಹೆತ್ತವರು ಮುಂದೆ ವಿಚಾರಣೆಗೆ ಕರೆಯಲ್ಪಡುತ್ತಾರೆ. ಇವನು ನಮ್ಮ ಮಗ, ಕುರುಡನಾಗಿ ಹುಟ್ಟಿದ್ದು ನಿಜ, ಮಿಕ್ಕದ್ದನ್ನು ಅವನನ್ನೇ ಕೇಳಿ, ಅವನು ಪ್ರಾಯಸ್ಥನೆಂದು ಹೇಳಿಬಿಡುತ್ತಾರೆ. ಸುವಾರ್ತಿಕನು ಅವರನ್ನು ಹೊಗಳುವುದಿಲ್ಲ. ಸಭಾಮಂದಿರದಿಂದ ಬಹಿಷ್ಕಾರವಾದೀತೆಂಬ ಭಯದಿಂದ ಹಾಗೆಂದರು ಎನ್ನುತ್ತಾನೆ. ನಮಗೆ ಇಲ್ಲಿ ಎರಡು ಸಂಗತಿಗಳು ಮುಖ್ಯ. ಹೆತ್ತವರ ಮಾತಿನ ಹಿಂದೆ ಧಾರ್ಮಿಕ ಸಂಸ್ಥೆಯ ಒತ್ತಡವಿದೆ. ಮತ್ತು ಭಯದಿಂದ ಬಂದುದಾದರೂ ಆ ಉತ್ತರ ಸತ್ಯ: ಮಗನು ಪ್ರಾಯಸ್ಥನೇ. ಆ ಬಳಿಕ ಅವನು ಮಾಡುವ ವಾದದ ಸೊಗಸನ್ನು ನೋಡಿರಿ! ಹೆತ್ತವರೇ ಅವನ ಪರವಾಗಿ ಮಾತಾಡಿದ್ದರೆ ನಾವು ಅದನ್ನು ಕೇಳುತ್ತಿರಲಿಲ್ಲ. ಬಾರ್ತಿಮಾಯನ ಕೊರತೆ ಎಲ್ಲರಿಗೂ ಕಾಣುತ್ತಿದ್ದರೂ, ಏನು ಮಾಡಬೇಕೆಂದು ಕರ್ತನು ಅವನನ್ನೇ ಕೇಳಿದನಷ್ಟೆ.

ನಮ್ಮ ದೇಶದ ಕಾನೂನಿನಲ್ಲೂ ಈ ಚಲನೆ ಕಾಣುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ರಕ್ಷಕರನ್ನು ನೇಮಿಸುವ ವ್ಯವಸ್ಥೆ ಮಾಡಿತು. 2016ರ ಕಾಯಿದೆಯಾದರೋ ‘ಸೀಮಿತ ರಕ್ಷಕತ್ವ’ವನ್ನು ಹೇಳುತ್ತದೆ: ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಣಯಕ್ಕೆ, ಪರಸ್ಪರ ತಿಳಿವಳಿಕೆಯಿಂದ ಕೂಡಿ ನಿರ್ಧರಿಸುವುದು. ಕರ್ತನ ಭೋಜನಕ್ಕೆ ಸೇರಿಸುವ ವಿಷಯದಲ್ಲಿ ನಾವು ಇಂದಿಗೂ ತಂದೆಯನ್ನಷ್ಟೇ ಕೇಳಿ ಮುಗಿಸುವುದಾದರೆ ಕಾನೂನಿಗಿಂತ ಹಿಂದುಳಿದವರೇ ಸರಿ.

ಮಾತು ಬಾರದವರ ವಿಷಯವೇನು ಎಂಬ ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಕಣ್ಣು, ಕೈ, ಮುಖ ತಿರುಗಿಸುವ ರೀತಿ, ಇವುಗಳಿಂದ ನುಡಿಯುವವರ ಇಷ್ಟವನ್ನು ಅರಿಯಲು ತಿಂಗಳುಗಳೇ ಬೇಕು, ಆ ಭಾಷೆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದುದರಿಂದ ಮುಂದಿನ ಭೇಟಿಯಲ್ಲಿ ನಾವು ಮೊದಲು ಅವನ ಪಕ್ಕದಲ್ಲಿ ಕುಳಿತು, ಅವನ ಹೆಸರು ಹಿಡಿದು ಮಾತಾಡಿಸಿ, ಉತ್ತರಕ್ಕಾಗಿ ಕಾಯಬೇಕು. ಅವನ ನೋಟದ ಅರ್ಥವೇನೆಂದು ತಿಳಿಯದಿದ್ದಾಗ ತಾಯಿಯನ್ನು ಕೇಳಬಹುದು.