ಗಾಳದವರು ಬರೆದಿಟ್ಟ ಲೆಕ್ಕ

ಚಳಿ ಕಳೆದು ಬಿಸಿಲೇರಿದಂತೆ ಕಾವೇರಿ ಇಳಿಯುತ್ತದೆ. ಬಂಡೆಗಳು ತಲೆಯೆತ್ತಿ, ನೀರು ಮಡುಗಳಲ್ಲಿ ನಿಲ್ಲುತ್ತದೆ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದ ಹವ್ಯಾಸಿಗಳಿಗೆ ಒಂದು ಕಾಲದಲ್ಲಿ ಇದೇ ಸುಗ್ಗಿ. ಗಾಳಕ್ಕೆ ಸಿಕ್ಕಿಸುತ್ತಿದ್ದುದು ರಾಗಿಹಿಟ್ಟಿನ ಉಂಡೆ.

ಈ ಮೀನಿನ ಖ್ಯಾತಿ ದೊಡ್ಡದು. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಮುಂದೆ ಮೀನನ್ನು ಹಿಡಿದು, ತೂಗಿ, ಬರೆದಿಟ್ಟು, ಜೀವಂತವಾಗಿ ನದಿಗೇ ಬಿಡುವ ರೂಢಿ ಬಂತು. ಶಿಬಿರಗಳು ಊರಿನವರಿಗೆ ಕೆಲಸ ಕೊಟ್ಟವು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ಕಣ್ಣಿಟ್ಟವು.

ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹೀಗೆ ದಾಖಲಾದ ಮೀನುಗಳು 6,161. ಲೆಕ್ಕ ಪರಿಶೀಲಿಸಿದ ವಿಜ್ಞಾನಿಗಳಿಗೆ ವಿಚಿತ್ರವೊಂದು ಕಂಡಿತು: ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಣ್ಮರೆಯಾಗುತ್ತಿತ್ತು.

ಅಷ್ಟರಲ್ಲಿ, ವನ್ಯಜೀವಿ ಕಾನೂನಿನಂತೆ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಮೋಜಿಗಾಗಿ ಜೀವಿಯನ್ನು ನೋಯಿಸಬಾರದೆಂಬ ವಾದದಲ್ಲಿ ಹುರುಳಿದೆ. ಆದರೆ ಗಾಳದ ಜತೆಗೆ ಲೆಕ್ಕವೂ, ಕಾವಲಿನ ಕಣ್ಣೂ ಹೋದವು.

ಡುಬ್ಬದ ಮಹಶೀರ್ ಯಾವ ಪ್ರಭೇದವೆಂದು ವಿಜ್ಞಾನ ಖಚಿತಪಡಿಸಿದ್ದು 2018ರಲ್ಲಿ: 'ಟಾರ್ ರೆಮಾದೇವಿ'. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೆಸರು ಸಿಗುವ ಹೊತ್ತಿಗೆ ಗಾಲಿಬೋರೆಯ ಲೆಕ್ಕದ ಪುಸ್ತಕ ಮುಚ್ಚಿ ಆರು ವರ್ಷವಾಗಿತ್ತು.